ಒಂದು ಚಿತ್ರ, ಎರಡು ದನಿ

ಮಣಲಿಯ ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ ಟಿವಿಯಲ್ಲಿ ಚಂದನ ಹಾಕಿರಬೇಕು. ಅದು ಅವ್ವನ ಕಾನೂನು. 'ಥಟ್ ಅಂತ ಹೇಳಿ' ಬರುತ್ತಿದ್ದರಂತೂ ಮಾತಾಡುವ ಹಾಗಿಲ್ಲ. ನಾ. ಸೋಮೇಶ್ವರ ಅವರು ಪ್ರಶ್ನೆ ಮುಗಿಸುವ ಮೊದಲೇ ಅವಳು ಉತ್ತರ ಹೇಳಿರುತ್ತಾಳೆ. ಅರ್ಧ ಸಲ ತಪ್ಪಿರುತ್ತದೆ, ಅದಕ್ಕೇನೂ ಬೇಜಾರಿಲ್ಲ. ಗೆದ್ದವರಿಗೆ ಪುಸ್ತಕ ಕೊಡುವುದನ್ನು ನೋಡಿ ಮಾತ್ರ ಪ್ರತಿ ಸಲವೂ, "ನೋಡು, ರೊಕ್ಕ ಅಲ್ಲ, ಪುಸ್ತಕ" ಎನ್ನುತ್ತಾಳೆ.

ಉತ್ತರ ಚೆನ್ನೈನ ಈ ಕಾರ್ಖಾನೆಗಳ ಪ್ರದೇಶಕ್ಕೆ ಅವಳು ಬಂದದ್ದು ಮದುವೆಯಾಗಿ, ಎಂಬತ್ತರ ದಶಕದ ನಡುವಿನಲ್ಲಿ. ಅಪ್ಪ ಇಲ್ಲಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವಳ ತವರು ರಾಯಚೂರು ಜಿಲ್ಲೆಯ ಒಂದು ಹಳ್ಳಿ. ಅನುವಾದ ಮಾಡಿ ಬದುಕುವ ನಾನು ಕಳೆದ ವರ್ಷ ಒಂದು ಸಾಕ್ಷ್ಯಚಿತ್ರದ ಕನ್ನಡ ದನಿಗೆ ಮಾತು ಬರೆಯುತ್ತಿದ್ದೆ. ಪರದೆಯ ಮೇಲಿನ ತುಟಿಗೆ ಹೊಂದುವ ಪದಕ್ಕಾಗಿ ಒಂದೇ ವಾಕ್ಯವನ್ನು ಹತ್ತು ಸಲ ಓದಿಕೊಳ್ಳುವುದನ್ನು ಕೇಳಿ ಅವ್ವ ಅಡುಗೆಮನೆಯಿಂದಲೇ ಹೇಳಿದಳು: "ನಮ್ಮ ಸಾಲ್ಯಾಗ ಟಿವಿ ಬಂದಾಗೂ ಹಿಂಗ ಇತ್ತವ್ವ. ಮಾತು ಕನ್ನಡದ್ದು, ತುಟಿ ಮಾತ್ರ ಬ್ಯಾರೆ ಕಡೆ ಹೊಂಟಿದ್ವು. ನಾವು ನಕ್ಕೋತ ಕುಂತಿರತಿದ್ವಿ."

ನಾನು ಲೆಕ್ಕ ಹಾಕಿದೆ. ಅವಳು ಆ ಹಳ್ಳಿ ಶಾಲೆಯಲ್ಲಿ ಓದಿದ್ದು 1975ರ ಸುಮಾರಿಗೆ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ರಾಜಧಾನಿಗಿಂತ ಆರು ವರ್ಷ ಮೊದಲೇ ರಾಯಚೂರಿನ ಹಳ್ಳಿಯಲ್ಲಿ ಕನ್ನಡ ಮಾತಾಡುವ ಟಿವಿ ಎಲ್ಲಿಂದ ಬಂತು? ಅದನ್ನು ಹುಡುಕುತ್ತ ಹೋದಾಗ ಕನ್ನಡ ದೂರದರ್ಶನದ ಚರಿತ್ರೆ ಬೆಂಗಳೂರಿನ ಜೆ.ಸಿ. ನಗರದಲ್ಲಿ ಶುರುವಾಗುವುದಿಲ್ಲ ಎಂದು ತಿಳಿಯಿತು. ಅದು ಶುರುವಾಗುವುದು ಹೈದರಾಬಾದಿನಲ್ಲಿ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಆಕಾಶದಲ್ಲಿ.

*

ಭಾರತದಲ್ಲಿ ಟಿವಿ ಪ್ರಸಾರ ಮೊದಲಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ, ಪ್ರಯೋಗವೆಂದು. ಆಗ ಅದು ಆಕಾಶವಾಣಿಯದೇ ಒಂದು ಕೊಂಬೆ. ಎರಡನೆಯ ಊರು ಬೊಂಬಾಯಿ ಸೇರಿಕೊಳ್ಳಲು 1972ರವರೆಗೆ ಕಾಯಬೇಕಾಯಿತು. ಆಮೇಲೆ ಶ್ರೀನಗರ ಮತ್ತು ಅಮೃತಸರ. 1975ರ ಆಗಸ್ಟಿನಲ್ಲಿ, ತುರ್ತುಪರಿಸ್ಥಿತಿ ಘೋಷಣೆಯಾಗಿ ಎರಡು ತಿಂಗಳು ತುಂಬುವ ಮೊದಲೇ, ಕಲ್ಕತ್ತ ಮತ್ತು ಮದ್ರಾಸ್ ಕೇಂದ್ರಗಳು ತೆರೆದವು. ದಾರಿ ಸ್ಪಷ್ಟವಾಗಿತ್ತು: ಮೊದಲು ಮಹಾನಗರ, ಗಡಿ ರಾಜ್ಯ, ಆಮೇಲೆ ಉಳಿದವರು. ಒಂದು ಗೋಪುರ ಎಬ್ಬಿಸಿದರೆ ಅದರ ಅಲೆ ಹೆಚ್ಚೆಂದರೆ ನೂರು ಕಿಲೋಮೀಟರಿನಷ್ಟು ಹೋಗುತ್ತದೆ. ಆ ವೃತ್ತದೊಳಗೆ ಸೆಟ್ಟು ಕೊಳ್ಳಬಲ್ಲವರು ಇರಬೇಕು. ಹಾಗಾಗಿ ಟಿವಿ ಎಂದರೆ ನಗರದ ವಸ್ತು.

ಅದೇ ಆಗಸ್ಟಿನ ಮೊದಲ ದಿನ ಇದಕ್ಕೆ ತದ್ವಿರುದ್ಧವಾದ ಒಂದು ಕೆಲಸ ಶುರುವಾಯಿತು. ವಿಕ್ರಮ್ ಸಾರಾಭಾಯಿ ಅವರ ಕನಸು ಅದು. 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದವಾಗಿತ್ತು. 1971ರ ಕೊನೆಯಲ್ಲಿ ಸಾರಾಭಾಯಿ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. ನಾಸಾದ ಎಟಿಎಸ್-6 ಎಂಬ ಉಪಗ್ರಹವನ್ನು ಪೂರ್ವ ಆಫ್ರಿಕಾದ ನೆತ್ತಿಗೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಒಂದು ವರ್ಷದ ಮಟ್ಟಿಗೆ ತಂದು ನಿಲ್ಲಿಸಿದರು. ಇಸ್ರೋ ಅಹಮದಾಬಾದಿನ ಭೂಕೇಂದ್ರದಿಂದ ಕಾರ್ಯಕ್ರಮಗಳನ್ನು ಅದಕ್ಕೆ ಕಳಿಸಬೇಕು, ಅದು ನೇರವಾಗಿ ಹಳ್ಳಿಯ ಸೆಟ್ಟಿಗೆ ಇಳಿಸಬೇಕು. ನಡುವೆ ಗೋಪುರವಿಲ್ಲ, ನಗರವೂ ಇಲ್ಲ. ಆರು ರಾಜ್ಯಗಳ 20 ಜಿಲ್ಲೆಗಳಲ್ಲಿ ಸುಮಾರು 2,400 ಹಳ್ಳಿಗಳನ್ನು ಆರಿಸಿದರು. ಹಿಂದುಳಿದಿರುವಿಕೆಯೇ ಇಲ್ಲಿ ಅರ್ಹತೆ. ಕರ್ನಾಟಕದಿಂದ ಆಯ್ಕೆಯಾದವು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು 'ಸೈಟ್' ಎಂದು ಕರೆದರು.

ಸೆಟ್ಟುಗಳು ತಯಾರಾದದ್ದು ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯಲ್ಲಿ. ಆಂಟೆನಾ ಎಂದರೆ ಹತ್ತು ಅಡಿ ಅಗಲದ, ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯ ಬೋಗುಣಿ. ಕರೆಂಟಿಲ್ಲದ ಊರುಗಳಲ್ಲಿ ಬ್ಯಾಟರಿಯಿಂದ ನಡೆಸಿದರು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರವರಿಗೆ, ಅಷ್ಟರಲ್ಲಿಯೇ ಎಲ್ಲ ಭಾಷೆಗಳ ಪಾಲು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ. ಅವ್ವನಿಗೆ ನೆನಪಿರುವುದು ಬೆಳಗಿನ ಪಾಠ ಮತ್ತು ಸೆಟ್ಟಿಗೆ ಹಾಕುತ್ತಿದ್ದ ಬೀಗ. "ಮಾಸ್ತರ್ರು ಕೀಲಿ ತಗದ್ರ ಸಾಕು, ಜಗಳಾಡಿ ಮುಂದ ಕುಂದರತಿದ್ವಿ."

ಇನ್ನು ಆ ತುಟಿಯ ಸಂಗತಿ. ಸೈಟ್ ಕಾರ್ಯಕ್ರಮಗಳು ನಾಲ್ಕು ಭಾಷೆಗಳಲ್ಲಿದ್ದವು: ಹಿಂದಿ, ಒಡಿಯಾ, ತೆಲುಗು, ಕನ್ನಡ. ತಯಾರಿಕಾ ಕೇಂದ್ರಗಳು ಮಾತ್ರ ಮೂರು: ದೆಹಲಿ, ಕಟಕ್, ಹೈದರಾಬಾದ್. ತೆಲುಗಿನ ಜೊತೆ ಕನ್ನಡವೂ ಹೈದರಾಬಾದಿನ ಪಾಲಿಗೆ ಬಂತು. ಉಪಗ್ರಹ ಒಮ್ಮೆಗೆ ಒಂದೇ ಚಿತ್ರವನ್ನು ಕಳಿಸಬಲ್ಲದಾಗಿತ್ತು, ಅದರ ಜೊತೆಗೆ ದನಿಯ ಎರಡು ಪಟ್ಟಿಗಳನ್ನು ಮಾತ್ರ ಒಯ್ಯಬಲ್ಲದಾಗಿತ್ತು. ಅಂದರೆ ಒಂದೇ ದೃಶ್ಯ. ಗಡಿಯ ಆಚೆ ಆಂಧ್ರದ ಹಳ್ಳಿಯ ಸೆಟ್ಟು ತೆಲುಗನ್ನು ಹೆಕ್ಕಿಕೊಳ್ಳಬಹುದು, ಈಚೆ ರಾಯಚೂರಿನ ಸೆಟ್ಟು ಕನ್ನಡವನ್ನು. ಅವ್ವ ಮತ್ತು ಅವಳ ಗೆಳತಿಯರು ನಕ್ಕದ್ದು ಇದನ್ನು ನೋಡಿಯೇ ಇರಬೇಕು. ಅವರ ಎದುರಿನ ತುಟಿಗಳು ಬೇರೆ ಭಾಷೆಯಲ್ಲಿ ಚಲಿಸುತ್ತಿದ್ದವು, ಕಿವಿಗೆ ಕನ್ನಡ ಬೀಳುತ್ತಿತ್ತು.

ಚರಿತ್ರೆ ಬಲ್ಲವರಿಗೆ ಇದರಲ್ಲೊಂದು ವಿಚಿತ್ರ ಕಾಣುತ್ತದೆ. ಗುಲ್ಬರ್ಗ, ರಾಯಚೂರು 1948ರವರೆಗೆ ನಿಜಾಮನ ರಾಜ್ಯದಲ್ಲಿದ್ದವು. ಅಲ್ಲಿ ಕಚೇರಿಯ ಭಾಷೆ ಉರ್ದು. ಹೈದರಾಬಾದಿನ ಕೈಯಿಂದ ಬಿಡಿಸಿಕೊಂಡು 1956ರಲ್ಲಿ ಕನ್ನಡ ನಾಡಿಗೆ ಸೇರಿದ ಜಿಲ್ಲೆಗಳವು. ಹತ್ತೊಂಬತ್ತು ವರ್ಷದ ಮೇಲೆ ಟಿವಿಯ ಕನ್ನಡ ಅವರಿಗೆ ಮತ್ತೆ ಹೈದರಾಬಾದಿನಿಂದಲೇ ಬಂತು. ಅವ್ವನಿಗೆ ಆ ಕನ್ನಡದ ಮೇಲೂ ಒಂದು ತಕರಾರಿದೆ: "ತಿಳಿತಿತ್ತು ಖರೆ, ನಮ್ಮ ಹಂಗ ಮಾತಾಡ್ತಿದ್ದಿಲ್ಲ."

*

ಒಪ್ಪಂದದಂತೆ 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಅಮೆರಿಕದ ಕಡೆಗೆ ವಾಪಸು ಹೊರಟಿತು. ಅದೇ ವರ್ಷದ ಏಪ್ರಿಲ್ 1ರಂದು ಟಿವಿ ಆಕಾಶವಾಣಿಯಿಂದ ಬೇರೆಯಾಗಿ 'ದೂರದರ್ಶನ' ಎಂಬ ಸ್ವಂತ ಮನೆ ಕಟ್ಟಿಕೊಂಡಿತ್ತು. ಟಿವಿ ರುಚಿ ಹತ್ತಿದ ಹಳ್ಳಿಗಳನ್ನು ಬರಿಗೈಯಲ್ಲಿ ಬಿಡಬಾರದೆಂದು ಸೈಟ್ ಪ್ರದೇಶಗಳಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರಗಳನ್ನು ಕಟ್ಟಿದರು. ಹಾಗೆ 1977ರಲ್ಲಿ ಗುಲ್ಬರ್ಗಕ್ಕೆ ಗೋಪುರ ಬಂತು. ಕರ್ನಾಟಕದ ಮೊದಲ ದೂರದರ್ಶನ ಗೋಪುರ ಅದು. ಬೆಂಗಳೂರಿನಲ್ಲಿ ಅಲ್ಲ, ಮೈಸೂರಿನಲ್ಲಿ ಅಲ್ಲ, ಗುಲ್ಬರ್ಗದಲ್ಲಿ. ಈ ಮಾತನ್ನು ನಾನು ಬೆಂಗಳೂರಿನ ಗೆಳೆಯರಿಗೆ ಹೇಳಿದಾಗ ಯಾರೂ ಒಂದೇ ಸಲಕ್ಕೆ ನಂಬಿಲ್ಲ.

ಆದರೆ ಗೋಪುರ ಬಂದದ್ದೇ ನಿಯಮವೂ ಬದಲಾಯಿತು. ಉಪಗ್ರಹದ ದಿನಗಳಲ್ಲಿ ಭಾಷೆಯನ್ನು ಹಳ್ಳಿಯ ಸೆಟ್ಟಿನಲ್ಲಿ ಆರಿಸಿಕೊಳ್ಳಬಹುದಿತ್ತು. ಗೋಪುರದ ದಿನಗಳಲ್ಲಿ ನೀವು ಎಲ್ಲಿದ್ದೀರಿ ಎಂಬುದೇ ನಿಮ್ಮ ಭಾಷೆಯನ್ನು ನಿರ್ಧರಿಸುತ್ತದೆ. ಒಂದು ಗೋಪುರ, ಒಂದು ವೃತ್ತ, ಒಂದು ರಾಜ್ಯದ ಭಾಷೆ, ಮೇಲೆ ದೆಹಲಿಯ ಪಾಲು. ನಾವು ಇಂದು 'ಪ್ರಾದೇಶಿಕ ಕೇಂದ್ರ' ಎನ್ನುವುದರ ಅರ್ಥ ಇಷ್ಟೇ.

1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಬೆಂಗಳೂರಿನಿಂದ ಪ್ರಸಾರ ಆರಂಭವಾಯಿತು. ಆ ವರ್ಷವೇ ವಿ.ಕೃ. ಗೋಕಾಕರ ಸಮಿತಿಯ ವರದಿ ಬಂದಿತ್ತು. ಮರುವರ್ಷ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳುವ ಚಳವಳಿ ರಾಜಕುಮಾರ್ ಮುಂದಾಳತ್ವದಲ್ಲಿ ಊರೂರಿಗೆ ಹಬ್ಬಿತು. ಅದೇ 1982ರ ಆಗಸ್ಟ್ 15ರಿಂದ ದೆಹಲಿಯ 'ರಾಷ್ಟ್ರೀಯ ಕಾರ್ಯಕ್ರಮ' ಎಲ್ಲ ಕೇಂದ್ರಗಳಿಗೂ ಕಡ್ಡಾಯವಾಯಿತು, ನವೆಂಬರಿನ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು. ಬೀದಿಯಲ್ಲಿ ಕನ್ನಡದ ಸ್ಥಾನದ ಪ್ರಶ್ನೆ ಕಾವೇರುತ್ತಿದ್ದಾಗ ಮನೆಯೊಳಗಿನ ಹೊಸ ಪೆಟ್ಟಿಗೆಯಲ್ಲಿ ರಾತ್ರಿಯ ಮುಖ್ಯ ಹೊತ್ತು ಹಿಂದಿ, ಇಂಗ್ಲಿಷಿನದಾಯಿತು. ಬೆಂಗಳೂರು ಕೇಂದ್ರಕ್ಕೆ ಉಳಿದದ್ದು ಸಂಜೆಯ ಕೆಲವು ಗಂಟೆ.

ಆ ಕೆಲವು ಗಂಟೆಗಳಲ್ಲಿ ಅದು ಮಾಡಿದ ಕೆಲಸ ಸಣ್ಣದಲ್ಲ. 'ಸಿಹಿಕಹಿ' ಎಂಬ ನಗೆ ಧಾರಾವಾಹಿ ಚಂದ್ರು ಅವರ ಹೆಸರಿನ ಮುಂದೆ ಶಾಶ್ವತವಾಗಿ ಅಂಟಿಕೊಂಡಿತು. ರಮೇಶ್ ಭಟ್ ಅವರ 'ಕ್ರೇಜಿ ಕರ್ನಲ್' ಬಂತು. ಸದಾನಂದ ಸುವರ್ಣರ 'ಗುಡ್ಡದ ಭೂತ' ಕರಾವಳಿಯ ಕಥೆಯೊಂದನ್ನು ಇಡೀ ನಾಡಿನ ಭಯವಾಗಿಸಿತು. ಅದರಲ್ಲಿ ನಟಿಸಿದ ಯುವಕ ಪ್ರಕಾಶ್ ರೈ ಮುಂದೆ ಮದ್ರಾಸಿಗೆ ಬಂದು ಪ್ರಕಾಶ್ ರಾಜ್ ಆದರು. ರಂಗಭೂಮಿಯ ನಟರಿಗೆ ತಿಂಗಳ ಸಂಪಾದನೆಯ ಒಂದು ದಾರಿ ಕಂಡಿತು. ಬೀದರಿನವರು, ಕೊಡಗಿನವರು ಒಂದೇ ಹೊತ್ತಿನಲ್ಲಿ ಒಂದೇ ಕನ್ನಡವನ್ನು ಕೇಳುವ ಅಭ್ಯಾಸವಾಯಿತು. ಅದು ಅವ್ವನ ಕನ್ನಡವೂ ಅಲ್ಲ, ಮಂಗಳೂರಿನದೂ ಅಲ್ಲ.

ಮಣಲಿಗೆ ಇದಾವುದೂ ತಲುಪಲಿಲ್ಲ. ಇಲ್ಲಿ ಮದ್ರಾಸ್ ಗೋಪುರದ ವೃತ್ತ. ಅವ್ವ ತಮಿಳು ಕಲಿತದ್ದು ಅರ್ಧ ಪಕ್ಕದ ಮನೆಯವರಿಂದ, ಅರ್ಧ ಶುಕ್ರವಾರದ 'ಒಲಿಯುಂ ಒಳಿಯುಂ' ಹಾಡುಗಳಿಂದ. ಕನ್ನಡ ಕೇಳುವುದೆಂದರೆ ಭಾನುವಾರ ಮಧ್ಯಾಹ್ನ ದೆಹಲಿಯಿಂದ ಬರುತ್ತಿದ್ದ ಪ್ರಾದೇಶಿಕ ಭಾಷೆಯ ಸಿನಿಮಾ. ಅದರಲ್ಲಿ ಕನ್ನಡದ ಸರದಿ ಬಂದ ದಿನ ಕಾಲೋನಿಯ ನಾಲ್ಕು ಕನ್ನಡ ಮನೆಯವರೂ ನಮ್ಮಲ್ಲಿ ಸೇರುತ್ತಿದ್ದರಂತೆ. ಇಂಗ್ಲಿಷ್ ಅಡಿಬರಹ ಓದಿಕೊಂಡು ತಮಿಳು ಪಕ್ಕದಮನೆಯವರೂ ಕೂರುತ್ತಿದ್ದರು. ಅವ್ವ ಅವರಿಗೆ ತಮಿಳಿನಲ್ಲಿ ಕಥೆ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಅನುವಾದ ನನ್ನಿಂದ ಶುರುವಾದದ್ದಲ್ಲ.

*

ಕನ್ನಡ ಟಿವಿಯ ಚರಿತ್ರೆಯಲ್ಲಿ 1994 ಒಂದು ತಿರುವು. ಆ ವರ್ಷ ಮೂರು ಸಂಗತಿ ನಡೆದವು.

ಜೂನಿನಲ್ಲಿ ಮದ್ರಾಸಿನ ಸನ್ ಟಿವಿ ಬಳಗದವರು ಉದಯ ಟಿವಿ ಶುರುಮಾಡಿದರು. ಒಂದು ಕಾಲದಲ್ಲಿ ಕನ್ನಡ ಸಿನಿಮಾ ಮದ್ರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಹಾಗೆ, ಕನ್ನಡದ ಮೊದಲ ಖಾಸಗಿ ವಾಹಿನಿಯೂ ಇಲ್ಲಿನವರ ಬಂಡವಾಳದಿಂದ ಹುಟ್ಟಿತು. ಆಗಸ್ಟಿನಲ್ಲಿ ದೂರದರ್ಶನ ತನ್ನ ಪ್ರಾದೇಶಿಕ ಭಾಷೆಗಳನ್ನು ಉಪಗ್ರಹಕ್ಕೇರಿಸಿತು. ತಮಿಳು ಡಿಡಿ-5, ತೆಲುಗು ಡಿಡಿ-8, ಕನ್ನಡ ಡಿಡಿ-9. ಹದಿನೆಂಟು ವರ್ಷದ ಮೇಲೆ ಕನ್ನಡ ಮತ್ತೆ ಆಕಾಶದಿಂದ ಇಳಿಯತೊಡಗಿತು.

ಮೂರನೆಯದನ್ನು ಬರೆಯುವುದು ಕಷ್ಟ. ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಸಂಜೆಯ ಮುಖ್ಯ ಹೊತ್ತಿನಲ್ಲಿ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿತು. ಪ್ರತಿಭಟನೆ ಎದ್ದಿತು, ಕೆಲವೇ ದಿನಗಳಲ್ಲಿ ಅದು ಕೋಮುಗಲಭೆಯಾಗಿ ನಗರದ ಹಲವು ಬಡಾವಣೆಗಳಿಗೆ ಹಬ್ಬಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ವಾರ್ತೆ ನಿಂತಿತು. ಹತ್ತು ನಿಮಿಷದ ಒಂದು ಬುಲೆಟಿನ್‌ಗಾಗಿ ಇಷ್ಟು ಹೆಣ ಬಿದ್ದ ಇನ್ನೊಂದು ಉದಾಹರಣೆ ನಮ್ಮ ಪ್ರಸಾರ ಚರಿತ್ರೆಯಲ್ಲಿ ನನಗೆ ಕಂಡಿಲ್ಲ.

ಇದನ್ನು ಎರಡು ಸುಲಭದ ರೀತಿಯಲ್ಲಿ ಹೇಳುವುದುಂಟು. ಕನ್ನಡಕ್ಕೆ ಅನ್ಯಾಯವಾಯಿತು, ಅದಕ್ಕೆ ಸಿಟ್ಟು ಬಂತು ಎಂಬುದು ಒಂದು. ಭಾಷೆ ನೆಪ, ಒಳಗಿದ್ದದ್ದು ಕೋಮುದ್ವೇಷ ಎಂಬುದು ಇನ್ನೊಂದು. ಅಯೋಧ್ಯೆಯ ಘಟನೆಗೆ ಆಗ ಎರಡೇ ವರ್ಷ, ವಿಧಾನಸಭೆಯ ಚುನಾವಣೆ ಬಾಗಿಲಿಗೆ ಬಂದಿತ್ತು. ಎರಡನೆಯದನ್ನು ತಳ್ಳಿಹಾಕುವುದು ಸಾಧ್ಯವೇ ಇಲ್ಲ. ಸಂಜೆಯ ಕನ್ನಡದ ಹೊತ್ತು ಮೊದಲೇ ಕಡಿಮೆಯಿತ್ತು ಎಂಬ ಕೊರಗೂ ಸುಳ್ಳಲ್ಲ. ಆದರೆ ಆ ಹೊತ್ತನ್ನು ತಿಂದದ್ದು ಉರ್ದುವಲ್ಲ, ಹನ್ನೆರಡು ವರ್ಷದಿಂದ ರಾತ್ರಿಯನ್ನು ಆಕ್ರಮಿಸಿಕೊಂಡಿದ್ದ ದೆಹಲಿಯ ಪಾಲು. ಕರ್ನಾಟಕದಲ್ಲಿ ಕನ್ನಡ ಬಿಟ್ಟರೆ ಅತಿ ಹೆಚ್ಚು ಜನರ ಮನೆಮಾತು ಉರ್ದು, ಸುಮಾರು ಹತ್ತರಲ್ಲಿ ಒಬ್ಬರದು. ಅವರಿಗೆ ದಿನಕ್ಕೆ ಹತ್ತು ನಿಮಿಷ ಅತಿಯಾಯಿತೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ನಾನೇ ಬೇರೆ ಭಾಷೆಯ ಗೋಪುರದ ಕೆಳಗೆ ಹುಟ್ಟಿ ಬೆಳೆದವಳು. ಚೆನ್ನೈ ಕೇಂದ್ರ ಕನ್ನಡಕ್ಕೆ ಹತ್ತು ನಿಮಿಷ ಕೊಟ್ಟಿದ್ದರೆ ಅವ್ವ ಹಬ್ಬ ಮಾಡುತ್ತಿದ್ದಳು.

ಒಂದೇ ಗಡಿಯಾರವನ್ನು ಎಲ್ಲ ಭಾಷೆಗಳೂ ಹಂಚಿಕೊಳ್ಳಬೇಕೆಂದರೆ ಒಬ್ಬರ ಹತ್ತು ನಿಮಿಷ ಇನ್ನೊಬ್ಬರಿಂದ ಕಿತ್ತುಕೊಂಡದ್ದಾಗಿಯೇ ಕಾಣುತ್ತದೆ. ದ್ವೇಷ ಹಚ್ಚಲು ಕಾದಿದ್ದವರಿಗೆ ಅಷ್ಟು ಕಿಡಿ ಸಾಕಾಯಿತು. ಸೈಟ್‌ನಲ್ಲಿ ತೆಲುಗಿನವರು ಮತ್ತು ಕನ್ನಡದವರು ಒಂದೇ ಹೊತ್ತನ್ನು, ಒಂದೇ ಚಿತ್ರವನ್ನು ಹಂಚಿಕೊಂಡಾಗ ಯಾರಿಗೂ ತಮ್ಮ ಪಾಲು ಹೋಯಿತೆನಿಸಲಿಲ್ಲ, ಏಕೆಂದರೆ ಪ್ರತಿಯೊಬ್ಬರಿಗೂ ತಮ್ಮ ದನಿ ಕೇಳುತ್ತಿತ್ತು.

*

ದೂರದರ್ಶನ ಕೊನೆಗೆ ಕಂಡುಕೊಂಡ ದಾರಿ ಪ್ರತಿ ಭಾಷೆಗೂ ಬೇರೆ ಮನೆ. 2000ದ ಸುಮಾರಿಗೆ ವಾಹಿನಿಗಳ ಸಂಖ್ಯೆ ಹೋಗಿ ಹೆಸರು ಬಂದವು. ಅವುಗಳನ್ನು ಸಾಲಾಗಿಟ್ಟು ನೋಡಿ: ತಮಿಳಿಗೆ ಪೊದಿಗೈ, ತೆಲುಗಿಗೆ ಸಪ್ತಗಿರಿ, ಮರಾಠಿಗೆ ಸಹ್ಯಾದ್ರಿ, ಗುಜರಾತಿಗೆ ಗಿರ್ನಾರ್. ಎಲ್ಲವೂ ಬೆಟ್ಟ. ಕನ್ನಡಕ್ಕೆ ಮಾತ್ರ ಚಂದನ. ಬೆಟ್ಟ ಇದ್ದಲ್ಲೇ ಇರುತ್ತದೆ, ಗಂಧ ಗಾಳಿಯ ಜೊತೆ ಹೋಗುತ್ತದೆ. ಹೆಸರಿಟ್ಟವರು ಹೀಗೆ ಯೋಚಿಸಿದ್ದರೆಂದು ನಾನು ಹೇಳುತ್ತಿಲ್ಲ, ಮಣಲಿಯಲ್ಲಿ ಕೂತವರಿಗೆ ಹಾಗೆ ಅನಿಸುತ್ತದೆ. ಪೊದಿಗೈ ಕೂಡ 2024ರ ಜನವರಿಯಲ್ಲಿ ಬೆಟ್ಟದಿಂದ ಇಳಿದು 'ಡಿಡಿ ತಮಿಳ್' ಆಯಿತು. ಉರ್ದುವಿಗೆ 2006ರ ಆಗಸ್ಟ್ 15ರಂದು ರಾಷ್ಟ್ರಮಟ್ಟದ ಪ್ರತ್ಯೇಕ ವಾಹಿನಿ ಬಂತು. ತುಳುವಿಗೆ, ಕೊಡವಕ್ಕೆ ಇವತ್ತಿಗೂ ಸ್ವಂತ ವಾಹಿನಿಯಿಲ್ಲ.

1998ರಲ್ಲಿ ಟಿ.ಎನ್. ಸೀತಾರಾಮ್ ಮತ್ತು ಗೆಳೆಯರ 'ಮಾಯಾಮೃಗ' ಬಂದಾಗ ಸಂಜೆ ಬೆಂಗಳೂರಿನ ಮನೆಗಳು ಟಿವಿ ಮುಂದೆ ಕೂತವು ಎಂದು ಕೇಳಿದ್ದೇನೆ. ನಾನು ನೋಡಲಿಲ್ಲ. ಶಾಲೆಗೆ ಹೋಗುತ್ತಿದ್ದ ನನಗೆ ಟಿವಿಯ ಕನ್ನಡ ಎಂದರೆ ಕೇಬಲ್ಲಿನವನು ಕೃಪೆ ತೋರಿದಾಗ ಬರುತ್ತಿದ್ದ ಉದಯ ಟಿವಿ. ಸರ್ಕಾರಿ ಕನ್ನಡ ನಮ್ಮ ಮನೆಗೆ ಬಂದದ್ದು 2004ರ ಡಿಸೆಂಬರಿನಲ್ಲಿ ದೂರದರ್ಶನ ತಿಂಗಳ ಬಾಡಿಗೆ ಇಲ್ಲದ ಡಿಶ್ ಸೇವೆ ಶುರುಮಾಡಿದ ಮೇಲೆ. ಅಪ್ಪ ಮಾಳಿಗೆಯ ಮೇಲೆ ಬೋಗುಣಿ ನಿಲ್ಲಿಸಿದರು. ಅವ್ವ ಕೆಳಗಿನಿಂದ ಕೂಗಿ ಕೂಗಿ ದಿಕ್ಕು ಹೇಳಿದಳು. ಪರದೆಯ ಮೇಲೆ ಚಂದನ ಮೂಡಿದಾಗ ಅವಳು ಅಂದದ್ದು, "ಅಯ್ಯ, ಆ ಸಾಲಿ ಮುಂದಿನ ಜಾಲರಿನೇ ಸಣ್ಣದಾಗಿ ಬಂದೈತಲ್ಲ."

ಅವಳ ಮಾತು ತಾಂತ್ರಿಕವಾಗಿಯೂ ಸರಿ. ಗೋಪುರವಿಲ್ಲದೆ ನೇರ ಮನೆಗಿಳಿಯುವ ಟಿವಿಯನ್ನೇ 1975ರಲ್ಲಿ ಅವಳ ಶಾಲೆಯ ಮುಂದೆ ಪರೀಕ್ಷಿಸಿದ್ದು. ಹತ್ತಡಿಯ ಬೋಗುಣಿ ಎರಡಡಿಗೆ ಇಳಿದಿತ್ತು, ಅಷ್ಟೇ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಕರ್ನಾಟಕ ಸರ್ಕಾರ 'ಸಂವೇದ' ಎಂಬ ಪಾಠಗಳನ್ನು ಚಂದನದಲ್ಲಿ ಪ್ರಸಾರ ಮಾಡಿತು. ಮೊಬೈಲ್ ಇಲ್ಲದ ಮಕ್ಕಳು ಮತ್ತೆ ಟಿವಿಯ ಮುಂದೆ ಪಾಟಿ ಹಿಡಿದು ಕೂತರು. ಮರುವರ್ಷ, ಅಕ್ಟೋಬರಿನಲ್ಲಿ, ಕಲಬುರಗಿ ಕೇಂದ್ರ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿತು. ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತು: ದೇಶದ ತುಂಬ ಹಳೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ನಿಲ್ಲಿಸಲಾಗುತ್ತಿದೆ, ಕಲಬುರಗಿಯಲ್ಲಿ ಕಾರ್ಯಕ್ರಮ ತಯಾರಿಕೆ ಮುಂದುವರಿಯುತ್ತದೆ, ಅವು ಚಂದನದಲ್ಲಿ ಬರುತ್ತವೆ. ಗೋಪುರದ ಯುಗ ಮುಗಿಯಿತು ಎಂಬುದರ ಸರ್ಕಾರಿ ಪ್ರಕಟಣೆ ಅದು.

ಗೋಪುರ ಹೋದ ಮೇಲೆ ಚಂದನ ಯಾರದು? ರಾಜ್ಯದ ಗಡಿಯೊಳಗಿನವರದು ಮಾತ್ರ ಎಂದು ಹೇಳಲು ಈಗ ತಾಂತ್ರಿಕ ಕಾರಣವಿಲ್ಲ. ಅದು ಕಾಸರಗೋಡಿಗೂ, ಸೊಲ್ಲಾಪುರಕ್ಕೂ, ಮಣಲಿಗೂ ಒಂದೇ ಸ್ಪಷ್ಟತೆಯಲ್ಲಿ ಇಳಿಯುತ್ತದೆ. ಹಾಗೆಯೇ ಒಂದು ಕಾರ್ಯಕ್ರಮಕ್ಕೆ ಎರಡಲ್ಲ, ನಾಲ್ಕು ದನಿಪಟ್ಟಿ ಜೋಡಿಸುವುದೂ ಇವತ್ತು ದೊಡ್ಡ ಕೆಲಸವಲ್ಲ. 'ಥಟ್ ಅಂತ ಹೇಳಿ'ಯನ್ನು ಬೇಕಾದವರು ತುಳುವಿನಲ್ಲಿ, ಉರ್ದುವಿನಲ್ಲಿ ಕೇಳಬಹುದು; ಕನ್ನಡದವರ ಒಂದು ನಿಮಿಷವೂ ಕಡಿಮೆಯಾಗುವುದಿಲ್ಲ. ನನ್ನಂಥ ಅನುವಾದಕರಿಗೆ ಕೆಲಸವೂ ಸಿಗುತ್ತದೆ ಎಂಬ ಸ್ವಾರ್ಥವನ್ನು ಮುಚ್ಚಿಡುವುದಿಲ್ಲ.

ಇದನ್ನೆಲ್ಲ ಅವ್ವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದಳು. ನಾನು ಬರೆದದ್ದರಲ್ಲಿ ತಪ್ಪಿದೆಯಾ ಎಂದು ಕೇಳಿದೆ.

"ತಪ್ಪಿಲ್ಲ. ಒಂದು ಬಿಟ್ಟಿ. ನಾವು ನಗತಿದ್ದಿದ್ದು ಎರಡು ದಿನ ಅಷ್ಟ. ಆಮ್ಯಾಲೆ ತುಟಿ ಯಾರೂ ನೋಡ್ಲಿಲ್ಲ."

ಅಷ್ಟು ಹೇಳಿ ಟಿವಿಯ ದನಿ ಜೋರು ಮಾಡಿದಳು.